ಎಡಗಡೆ ಶಾಕ್ ಸೋರಿತು, ಬಲಗಡೆಯದು ಸೋರಲಿಲ್ಲ

ನನ್ನ ಟ್ರಕ್ಕಿನ ಹಿಂದಿನ ಎರಡು ಶಾಕ್‌ಗಳನ್ನು, ಅಂದರೆ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್‌ಗಳನ್ನು, ಒಂದೇ ವಾರಾಂತ್ಯದಲ್ಲಿ ನಾನೇ ಬಿಚ್ಚಿ ಕಟ್ಟಿದೆ. ಅದೇ ಗ್ಯಾರೇಜು, ಅದೇ ಎಣ್ಣೆ, ಎಣ್ಣೆ ಹೊರಬರದಂತೆ ತಡೆಯುವ ಸೀಲ್‌ಗಳ ಕಿಟ್ಟೂ ಅದೇ ಕಂಪನಿಯದು. ಎಡಗಡೆಯದು ಶನಿವಾರ, ಬಲಗಡೆಯದು ಭಾನುವಾರ. ಒಂಬತ್ತನೇ ದಿನ ಬಗ್ಗಿ ನೋಡಿದರೆ ಎಡಗಡೆ ಎಣ್ಣೆ ಜಿನುಗಿತ್ತು. ಅದರ ಮೇಲೆ ಅರಿಜೋನಾದ ಧೂಳು ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು. ಬಲಗಡೆಯದನ್ನು ಬೆರಳಿಂದ ಸವರಿದೆ. ಒಣ ಧೂಳು, ಅಷ್ಟೇ.

ನಾವಿರೋದು ಫೀನಿಕ್ಸ್‌ನಲ್ಲಿ. ಟ್ರಕ್ ಅಂದರೆ ಲಾರಿ ಅಲ್ಲ, 2013ರ ಟೊಯೋಟಾ ಟಕೋಮಾ ಪಿಕಪ್. ವಾರವೆಲ್ಲ ಆಫೀಸು, ದಿನಸಿ. ರಜೆ ಸಿಕ್ಕರೆ ಮರುಭೂಮಿ. ಮೊಹಾವಿ ರೋಡ್ ಅಂತ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 220 ಕಿ.ಮೀ. ಉದ್ದದ ಹಳೇ ಗಾಡಿದಾರಿ ಇದೆ. ಕೆಲವು ಕಡೆ ಒಂದರ ಹಿಂದೊಂದು ದಿಣ್ಣೆ, ಮೈಲುಗಟ್ಟಲೆ. ವಿಡಿಯೋ ಕಳಿಸಿದಾಗ ಹಾಸನದಲ್ಲಿರುವ ಅಪ್ಪ ಕೇಳಿದ್ದು ಒಂದೇ ಮಾತು: "ಅಮೆರಿಕಾಕ್ಕೆ ಹೋಗಿ ನಮ್ಮ ತೋಟದ ರೋಡೇ ಹುಡುಕಿಕೊಂಡ್ಯಲ್ಲೋ!"

ಈ ಗಾಡಿಗೆ ನಾನು ಮೂರು ದಾರಿ ನೋಡಿದ್ದೇನೆ. ಮೊದಲು, ಬಿಚ್ಚಲು ಬಾರದ ಸೀಲ್ ಮಾಡಿದ ಶಾಕ್. ಆಮೇಲೆ ಬಿಚ್ಚಿ ಕಟ್ಟಬಹುದಾದ ದಪ್ಪ ಶಾಕ್, ಎರಡೂವರೆ ಇಂಚಿನದು. ಅದು 65 ಸಾವಿರ ಕಿ.ಮೀ. ಓಡಿದ ಮೇಲೆ ಮುಂದಿನ ಎರಡನ್ನು ಅಂಗಡಿಗೆ ಕೊಟ್ಟೆ, ಹಿಂದಿನ ಎರಡನ್ನು ಮನೆಯಲ್ಲೇ ಬಿಚ್ಚಿದೆ.

ಸೀಲ್ ಮಾಡಿದ್ದನ್ನು ಬೈಯುವುದು ಬೇಡ. ಹಿಂದಿನ ಜೋಡಿಗೆ 230 ಡಾಲರ್ ಆಗಿತ್ತು. ಮೇಲೊಂದು ನಟ್ಟು, ಕೆಳಗೊಂದು ಬೋಲ್ಟು, ಮಧ್ಯಾಹ್ನದ ಊಟದೊಳಗೆ ಕೆಲಸ ಮುಗೀತು. ಊರೊಳಗೆ, ಹೈವೇಲಿ ಒಂದು ಕೊರತೆ ಕಾಣಲಿಲ್ಲ. ಮೊಹಾವಿಯಲ್ಲಿ ಮಾತ್ರ ಅರ್ಧ ಗಂಟೆ ದಿಣ್ಣೆ ಹಾರಿದ ಮೇಲೆ ಟ್ರಕ್ಕಿನ ಹಿಂಭಾಗ ಕಪ್ಪೆಯ ಹಾಗೆ ಕುಪ್ಪಳಿಸಲು ಶುರು ಮಾಡಿತು. ಶಾಕ್ ಮಾಡುವ ಕೆಲಸವೇ ಅದು ತಾನೇ, ಕುಲುಕಾಟವನ್ನು ಶಾಖ ಮಾಡುವುದು. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಎಣ್ಣೆ ನುಗ್ಗಿ ನುಗ್ಗಿ ಬಿಸಿಯಾಗುತ್ತದೆ. ಬಿಸಿಯಾದರೆ ತೆಳ್ಳಗಾಗುತ್ತದೆ, ಹಿಡಿತ ಹೋಗುತ್ತದೆ. ದಪ್ಪ ಶಾಕ್‌ನಲ್ಲಿ ಎಣ್ಣೆ ಜಾಸ್ತಿ. ಪಕ್ಕದಲ್ಲಿ ಪೈಪಿನಿಂದ ಜೋಡಿಸಿದ ಇನ್ನೊಂದು ಡಬ್ಬಿ ಬೇರೆ. ಹಾಗಾಗಿ ಅದು ತಡವಾಗಿ ಸುಸ್ತಾಗುತ್ತದೆ. ಮರುಭೂಮಿಗೆ ಹೋಗದವರು ಇಲ್ಲಿಗೇ ಓದುವುದು ನಿಲ್ಲಿಸಿ ಸೀಲ್ ಮಾಡಿದ್ದನ್ನೇ ಕೊಳ್ಳಬಹುದು. ಸುಮ್ನೆ ತಲೆನೋವು ಯಾಕೆ.

ಮುಂದಿನ ಎರಡನ್ನು ಅಂಗಡಿಗೆ ಕೊಟ್ಟದ್ದಕ್ಕೆ ಕಾರಣ ಸ್ಪ್ರಿಂಗು. ಟಕೋಮಾದ ಮುಂದಿನ ಶಾಕ್ ಸುತ್ತ ಸುರುಳಿ ಸ್ಪ್ರಿಂಗ್ ಅದುಮಿ ಕೂತಿರುತ್ತದೆ. ಅದು ತಪ್ಪಿ ಹಾರಿದರೆ ದವಡೆ ಹೋಗುತ್ತದೆ, ತಮಾಷೆ ಅಲ್ಲ. ಹಿಂದುಗಡೆ ಭಾರ ಹೊರುವುದು ಪಟ್ಟಿ ಸ್ಪ್ರಿಂಗು, ಶಾಕ್ ಬೇರೆಯೇ ಇರುತ್ತದೆ, ಆ ಭಯ ಇಲ್ಲ. ಅಂಗಡಿಯವರು ಎರಡು ವಾರ ಅಂದಿದ್ದು ಐದು ವಾರ ಆಯಿತು. ಬಿಲ್ಲು 340 ಡಾಲರ್. ಕೆಲಸ ಚೆನ್ನಾಗಿದೆ, ಇವತ್ತಿಗೂ ಒಂದು ತೊಟ್ಟು ಸೋರಿಲ್ಲ. ಆದರೆ ಒಳಗೆ ಏನು ಸವೆದಿತ್ತು ಅಂತ ಕೇಳಿದರೆ "ಎಲ್ಲಾ ಹೊಸದು ಹಾಕಿದ್ದೇವೆ" ಅಂದರು. ಕೇಳಿದ್ದು ಅದಲ್ಲವಲ್ಲ!

ಈಗ ಎಡಗಡೆ. ಮೊದಲ ಕೆಲಸ ಪಕ್ಕದ ಡಬ್ಬಿಯ ವಾಲ್ವ್ ಒತ್ತಿ ಒಳಗಿನ ನೈಟ್ರೋಜನ್ ಪೂರ್ತಿ ಬಿಡುವುದು. ಪೂರ್ತಿ ಅಂದರೆ ಪೂರ್ತಿ. ಗ್ಯಾಸ್ ಉಳಿದಿದ್ದರೆ ಮುಚ್ಚಳ ಗುಂಡಿನ ಹಾಗೆ ಬರುತ್ತದೆ. ಆಮೇಲೆ ಬೋಲ್ಟ್ ಹೋಗುವ ಕೆಳಗಿನ ತೂತನ್ನು, ಅಂದರೆ ಕಣ್ಣನ್ನು, ಬಿಗಿಹಿಡಿಯುವ ವೈಸ್‌ನಲ್ಲಿ ಹಿಡಿಸಬೇಕು, ಒಳಗೆ ಹೊರಗೆ ಜಾರುವ ರಾಡನ್ನಲ್ಲ. ರಾಡಿನ ಕ್ರೋಮ್ ಮೇಲೆ ಉಗುರು ತಾಗುವಷ್ಟು ಗೀರು ಬಿದ್ದರೂ ಅದು ಹೊಸ ಸೀಲನ್ನು ದಿನಾ ಅರದಂತೆ ಉಜ್ಜುತ್ತದೆ. ವೈಸ್‌ಗೆ ಮೆತ್ತನೆ ದವಡೆ ಹಾಕಿಸಲು 20 ಡಾಲರ್ ಕೊಟ್ಟೆ. ಸೀಲಿರುವ ತಲೆಯನ್ನು ಒಳಕ್ಕೆ ಒತ್ತಿ, ಲಾಕ್ ರಿಂಗ್ ತೆಗೆದು, ರಾಡ್ ಎಳೆದೆ. ಗಳಕ್ಕನೆ ಎಣ್ಣೆ ಬಂತು. ಕೆಳಗಿಟ್ಟಿದ್ದು ಯುಗಾದಿ ಊಟಕ್ಕೆ ಪುಳಿಯೋಗರೆ ಒಯ್ಯುವ ಅಲ್ಯುಮಿನಿಯಂ ಟ್ರೇ. ಮನೆಯವಳು ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ಎಣ್ಣೆ ನಾಲ್ಕು ದಿನ ಬಜ್ಜಿ ಕರಿದ ಬಣ್ಣಕ್ಕಿತ್ತು, ಬೂದು ಬೂದು.

ರಾಡಿನ ತುದಿಯಲ್ಲಿ ಪಿಸ್ಟನ್. ಅದರ ಎರಡೂ ಕಡೆ ತೆಳು ಉಕ್ಕಿನ ಬಿಲ್ಲೆಗಳು, ದೊಡ್ಡದರ ಮೇಲೆ ಚಿಕ್ಕದು, ಅಡಕಲು ಗಡಿಗೆ ಪೇರಿಸಿಟ್ಟ ಹಾಗೆ. ಅವುಗಳ ದಪ್ಪ ಕಾಲು ಮಿಲಿಮೀಟರಿನ ಆಸುಪಾಸು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣಲ್ಲ, ಆದರೆ ಗಾಡಿ ಮೆತ್ತಗೋ ಗಟ್ಟಿಯೋ ಅನ್ನುವುದನ್ನು ತೀರ್ಮಾನಿಸುವುದು ಅವೇ. ನಟ್ಟು ಬಿಚ್ಚಿದ ಕೂಡಲೇ ಮಗಳು ಅವನ್ನೆಲ್ಲ ಬಳೆ ಪೋಣಿಸಿದ ಹಾಗೆ ಅದೇ ಕ್ರಮದಲ್ಲಿ ಒಂದು ತಂತಿಗೆ ಏರಿಸಿದಳು. ಇಡೀ ಶನಿವಾರದಲ್ಲಿ ತಪ್ಪಿಲ್ಲದೆ ನಡೆದ ಕೆಲಸ ಅದೊಂದೇ. ಪಿಸ್ಟನ್ ಸುತ್ತಲಿನ ಪಟ್ಟಿ ಒಂದೇ ಕಡೆ ಸವೆದು ಹೊಳೆಯುತ್ತಿತ್ತು. ಅಂಗಡಿಯಲ್ಲಿ ಸಿಗದ ಉತ್ತರ ಇದು. ಕೆಳಗಿನ ಕಣ್ಣಿನೊಳಗೆ ಕೂರುವ ಬುಷ್ ಬಿಗಿಯಾಗಿ ಶಾಕ್ ಓರೆ ಎಳೀತಿತ್ತು. ಅದನ್ನೂ ಬದಲಾಯಿಸಿದೆ.

ತಪ್ಪಿದ್ದು ಎಲ್ಲಿ ಅಂದರೆ, ಹೊಸ ಸೀಲ್ ಕೂರಿಸಿದ ತಲೆಯನ್ನು ರಾಡಿಗೆ ಏರಿಸುವಾಗ. ರಾಡಿನ ತುದಿಯಲ್ಲಿ ಪಿಸ್ಟನ್ ಕೂರುವ ಮೆಟ್ಟಿಲು, ಥ್ರೆಡ್ಡು. ಎರಡೂ ಚೂಪು. ನಾನು ಇನ್ಸುಲೇಷನ್ ಟೇಪ್ ಸುತ್ತಿ, ಎಣ್ಣೆ ಸವರಿ, ನೂಕಿದೆ. ಕಚಕ್ ಅಂತ ಎಲ್ಲೋ ಸಣ್ಣ ಸದ್ದು ಬಂತು. ಬಂದಿಲ್ಲ ಅಂದುಕೊಂಡೆ.

ಭಾನುವಾರ ತುಮಕೂರಿನ ಗೆಳೆಯ ಬಂದ. ಎರಡು ಸಲ ಈ ಕೆಲಸ ಮಾಡಿ ಕೈ ಸುಟ್ಟುಕೊಂಡವನು. "ಬುಲೆಟ್ ಎಲ್ಲೋ?" ಅಂದ. ನನಗೆ ಗೊತ್ತಿದ್ದ ಬುಲೆಟ್ ಊರಲ್ಲಿ ಡಗಡಗ ಅನ್ನುವುದು. ಅವನು ಜೇಬಿಂದ ತೆಗೆದದ್ದು ಬೆರಳುದ್ದದ ನುಣುಪು ಟೋಪಿ. ರಾಡಿನ ತುದಿಗೆ ಅದನ್ನು ಹಾಕಿದರೆ ಮೆಟ್ಟಿಲು, ಥ್ರೆಡ್ಡು ಎರಡೂ ಮುಚ್ಚುತ್ತವೆ. ಬಲಗಡೆಯ ತಲೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಇಳಿಯಿತು. ಸದ್ದೇ ಇಲ್ಲ. ಎರಡು ಶಾಕ್‌ಗಳ ನಡುವೆ ಇದ್ದ ವ್ಯತ್ಯಾಸ ಇದೊಂದೇ.

ಎಣ್ಣೆ ತುಂಬುವುದಕ್ಕೆ ಕೈಗಿಂತ ತಾಳ್ಮೆ ಬೇಕು. ರಾಡನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಾ, ಪೈಪನ್ನು ತಟ್ಟುತ್ತಾ, ಗುಳ್ಳೆ ನಿಲ್ಲುವ ತನಕ ಕಾಯಬೇಕು. ಪಕ್ಕದ ಡಬ್ಬಿಯಲ್ಲಿ ಎಣ್ಣೆಗೂ ಗ್ಯಾಸಿಗೂ ನಡುವೆ ತೇಲುವ ಪಿಸ್ಟನ್ ಒಂದಿದೆ. ಬಿಚ್ಚುವ ಮೊದಲು ಅದು ಎಷ್ಟು ಆಳದಲ್ಲಿತ್ತು ಅಂತ ಅಳೆದಿಟ್ಟುಕೊಂಡಿದ್ದೆ, ಕಟ್ಟುವಾಗ ಅಲ್ಲಿಗೇ ಕೂರಿಸಿದೆ. ರಾಡ್ ಒಳಗೆ ಬಂದಾಗ ಅಷ್ಟು ಎಣ್ಣೆ ಎಲ್ಲಿಗಾದರೂ ಸರಿಯಬೇಕಲ್ಲ. ಅದಕ್ಕೆ ಜಾಗ ಕೊಡುವುದು ಆ ಪಿಸ್ಟನ್ನೇ.

ಗ್ಯಾಸ್ ವಿಷಯದಲ್ಲಿ ಎರಡೂ ರೀತಿ ನೋಡಿದೆ. ಮೊದಲು ಎರಡನ್ನೂ ಅಂಗಡಿಗೆ ಒಯ್ದು 200 ಪಿಎಸ್‌ಐ ಒತ್ತಡಕ್ಕೆ ನೈಟ್ರೋಜನ್ ಹಾಕಿಸಿದೆ, ಒಂದಕ್ಕೆ 15 ಡಾಲರ್, ಹತ್ತು ನಿಮಿಷ. ಎಡಗಡೆಯದನ್ನು ಮತ್ತೆ ಬಿಚ್ಚಿ ಕಟ್ಟಿದಾಗ ಗೆಳೆಯನ ಸಿಲಿಂಡರು, ರೆಗ್ಯುಲೇಟರು ತಂದೆ. 200 ತೋರಿಸಿತು. ಪೈಪ್ ಕಿತ್ತರೆ ಪುಸ್ ಅಂತು. ಗೇಜ್ ಹಾಕಿ ನೋಡಿದರೆ 140. ಮತ್ತೆ ತುಂಬಿದೆ, ಮತ್ತೆ ಅದೇ. ಗ್ಯಾಸ್ ಇರುವ ಜಾಗವೇ ಒಂದು ಲೋಟದಷ್ಟೂ ಇಲ್ಲ. ಗೇಜಿನ ಪೈಪಿಗೆ ಹೋಗುವ ಗ್ಯಾಸೇ ಅದರಲ್ಲಿ ದೊಡ್ಡ ಪಾಲು. ನೋಡಿದಷ್ಟೂ ಇಳಿಯುತ್ತದೆ. ಅಂಗಡಿಯವರ ಹತ್ತಿರ ವಾಲ್ವ್ ಮುಚ್ಚಿಕೊಂಡ ಮೇಲೇ ಬಿಡುವ ಉಪಕರಣ ಇರುತ್ತದೆ. ಸೋತು ಮತ್ತೆ 15 ಡಾಲರ್ ಕೊಟ್ಟು ಬಂದೆ. ಮನೆಯ ಕಂಪ್ರೆಸರ್ ಗಾಳಿಯನ್ನೇ ಹೊಡೆಯಬಾರದಾ ಅಂತ ಅಪ್ಪ ಕೇಳಿದರು. ನನ್ನ ಕಂಪ್ರೆಸರ್ 150 ದಾಟಲ್ಲ. ಗಾಳಿಯಲ್ಲಿ ತೇವ ಬೇರೆ, ಬಿಸಿಯಾದರೆ ಒತ್ತಡ ಏರುಪೇರು.

ಲೆಕ್ಕ ಹೇಳಿಬಿಡುತ್ತೇನೆ. ಸೀಲ್ ಕಿಟ್ಟು ಎರಡಕ್ಕೆ 70, ಎಣ್ಣೆ 40, ವೈಸ್ ದವಡೆ 20, ಗ್ಯಾಸ್ 30. ಎಡಗಡೆಯ ಎರಡನೇ ಸುತ್ತಿಗೆ ಇನ್ನೊಂದು ಕಿಟ್ 35, ಗ್ಯಾಸ್ 15. ಒಟ್ಟು 210 ಡಾಲರ್. ಬುಷ್ ನನ್ನ ಹತ್ತಿರವೇ ಇತ್ತು. ಸೀಲ್ ಮಾಡಿದ ಹೊಸ ಜೋಡಿಗಿಂತ 20 ಕಡಿಮೆ, ಅಂಗಡಿಗಿಂತ 130 ಕಡಿಮೆ. ಹೋದದ್ದು ಮೂರು ದಿನ, ಒಂದು ಪುಳಿಯೋಗರೆ ಟ್ರೇ. ದುಡ್ಡು ಉಳಿಸಲು ಈ ಕೆಲಸಕ್ಕೆ ಕೈ ಹಾಕಬೇಡಿ. ಒಳಗೆ ಏನಿದೆ ನೋಡಬೇಕು ಅನ್ನುವ ಚಪಲ ಇದ್ದರೆ ಹಾಕಿ, ಹಿಂದಿನ ಎರಡಕ್ಕೆ ಮಾತ್ರ. ಗ್ಯಾಸನ್ನು ಅಂಗಡಿಗೆ ಬಿಡಿ, ಬುಲೆಟ್ ಮೊದಲು ತರಿಸಿ.

ಎರಡನೇ ಸಲ ಬಿಚ್ಚಿದಾಗ ಎಡಗಡೆಯ ಸೀಲನ್ನು ಮೊಬೈಲ್ ಬೆಳಕಿಗೆ ಹಿಡಿದು ತಿರುಗಿಸಿದೆ. ತುಟಿಯ ಮೇಲೆ ಅಕ್ಕಿಕಾಳಿನಷ್ಟೂ ಇಲ್ಲದ ಒಂದು ಕಚ್ಚು. ಆ ಕಚಕ್ ಸದ್ದು ಬಂದಿತ್ತು.