ಕಾರೈ–ಅರಿಯಲೂರು ಫೀಲ್ಡ್ ಟ್ರಿಪ್: ಹೋಗಿ, ಆದರೆ ಒಂದು ಮಾತು ಮೊದಲೇ ಕೇಳಿಕೊಳ್ಳಿ

ನಾನು ಧಾರವಾಡದಲ್ಲಿ ಡಿಗ್ರಿ ಮಕ್ಕಳಿಗೆ ಭೂವಿಜ್ಞಾನ ಕಲಿಸುತ್ತೇನೆ. ನಮ್ಮ ಸುತ್ತ ಇರುವುದು 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಕಲ್ಲು. ತೈಲ ಸಿಗುವಂಥ ಪದರಗಳನ್ನು ಮಕ್ಕಳು ಪುಸ್ತಕದಲ್ಲಷ್ಟೇ ನೋಡಿರುತ್ತಾರೆ. ಅದಕ್ಕೇ ಈ ಜನವರಿಯಲ್ಲಿ 12 ಮಕ್ಕಳ ಜೊತೆ ತಮಿಳುನಾಡಿಗೆ ಹೋದೆ. ಕಾವೇರಿ ಬೇಸಿನ್ನಿನ (ಕೋಟ್ಯಂತರ ವರ್ಷ ಹೂಳು ತುಂಬಿದ ದೊಡ್ಡ ತಗ್ಗಿನ) ಪದರಗಳು ಅಲ್ಲಿ ನೆಲದ ಮೇಲೇ ಕಾಣುತ್ತವೆ. ಗೈಡು, ವ್ಯಾನು, ಊಟ ಎಲ್ಲ ಒಂದು ಸಣ್ಣ ಟೂರ್ ಸಂಸ್ಥೆಯದು. ಎರಡು ದಿನ.

ಮೊದಲ ದಿನ ಕಾರೈ. ಮಳೆ ಕೊರೆದ ಬೋಳು ಜೇಡಿಮಣ್ಣಿನ ದಿಬ್ಬಗಳು. ಸುಮಾರು 10 ಕೋಟಿ ವರ್ಷದ ಹಿಂದಿನ ಸಮುದ್ರದ ತಳ ಅದು. ಬಂದೂಕಿನ ಗುಂಡಿನ ಆಕಾರದ ಬೆಲೆಮ್ನೈಟ್‌ಗಳು (ಸ್ಕ್ವಿಡ್‌ನಂಥ ಸಮುದ್ರ ಜೀವಿಯ ಪಳೆಯುಳಿಕೆಗಳು) ಕಾಲಡಿಯಲ್ಲೇ ಸಿಗುತ್ತವೆ. ಗೈಡ್ ಆರಿಸಿಕೊಳ್ಳಲು ಬಿಡಲಿಲ್ಲ, ಫೋಟೋ ತೆಗೆದು ಅಲ್ಲೇ ಇಡಿ ಅಂದರು. ಇದು ನನಗೆ ತುಂಬಾ ಹಿಡಿಸಿತು. ಪಾಠವನ್ನೂ ಮಾಡಲಿಲ್ಲ. ಕೈಗೆ ಟೇಪು ಕೊಟ್ಟು, ಸಮುದ್ರ ಯಾವಾಗ ಒಳಗೆ ಬಂತು, ಯಾವಾಗ ಹಿಂದೆ ಸರಿಯಿತು, ನೀವೇ ಹೇಳಿ ಅಂದರು.

ಕುಲಕ್ಕಾಲನತ್ತಂ ಕಡೆ ನಡೆಯುವಾಗ ಒಬ್ಬ ಹುಡುಗಿ ಥಟ್ಟನೆ ನಿಂತಳು. "ಮೇಡಂ, ಇಲ್ಲಿ ಜೇಡಿ ಮುಗೀತು, ಮರಳುಗಲ್ಲು ಶುರುವಾಯ್ತು." ಸಮುದ್ರ ಹಿಂದೆ ಸರಿದ ಗುರುತಾಗಿ ಪದರಗಳ ನಡುವೆ ಉಳಿಯುವ ಗೆರೆಗೆ ಸೀಕ್ವೆನ್ಸ್ ಬೌಂಡರಿ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಅವಳ ಚಪ್ಪಲಿ ಅದರ ಮೇಲೇ ಇತ್ತು!

ಕಾರೈನಲ್ಲಿ ತೈಲ ಇಲ್ಲ. ಆ ಜೇಡಿ ನೆಲದೊಳಗಿನ ಬಿಸಿಗೆ ಬೆಂದು ತೈಲ ಕೊಡುವಷ್ಟು ಆಳಕ್ಕೆ ಹೂತೇ ಇಲ್ಲ. ಪೂರ್ವಕ್ಕೆ, ನಾಗಪಟ್ಟಣಂ ಕಡೆ ಹೋದರೆ ಕತೆ ಬೇರೆ. ಅಲ್ಲಿ ನೆಲದಾಳದ ಆಂಡಿಮಡಂ ಪದರದಲ್ಲಿ ತೈಲ ಹುಟ್ಟುತ್ತದೆ. ಸಮುದ್ರ ಏರಿದಾಗ ಕೂತ ಸತ್ತಪಾಡಿ ಶೇಲ್ (ಗಟ್ಟಿಯಾದ ಜೇಡಿ ಕಲ್ಲು) ಮುಚ್ಚಳದ ಹಾಗೆ ಅದನ್ನು ತಡೆಯುತ್ತದೆ. ನರಿಮನಂನಲ್ಲಿ ತೈಲ ಬಾವಿಗಳೇ ಇವೆ.

ನನ್ನ ಬೇಸರ ಇರುವುದು ಇಲ್ಲೇ. ಈ ಭಾಗವನ್ನು ವ್ಯಾನಿನಲ್ಲಿ 20 ನಿಮಿಷದಲ್ಲಿ ಹೇಳಿ ಮುಗಿಸಿದರು. ಕೊಡುತ್ತೇವೆ ಅಂದಿದ್ದ ಸೈಸ್ಮಿಕ್ ಪ್ರಿಂಟ್ (ಕಂಪನದ ಅಲೆ ಕಳಿಸಿ ತೆಗೆದ ನೆಲದಾಳದ ಪದರಗಳ ಚಿತ್ರ) ಕೊಡಲೇ ಇಲ್ಲ. ಮೇಲೆ ಕಂಡ ಗೆರೆ ಕೆಳಗೆ ಹೇಗೆ ಓಡುತ್ತದೆ ಅಂತ ಬೆರಳಿಟ್ಟು ನೋಡದಿದ್ದರೆ ಅರ್ಧ ಪಾಠ ತಪ್ಪಿದ ಹಾಗೆ ಅಲ್ವಾ?

ಎರಡನೇ ದಿನ ಕಲ್ಲಂಕುರಿಚ್ಚಿಯ ಚಿಪ್ಪು ತುಂಬಿದ ಸುಣ್ಣದಕಲ್ಲು, ಸಾತ್ತನೂರಿನ 18 ಮೀಟರ್ ಉದ್ದದ ಕಲ್ಲಾದ ಮರ. ಎರಡೂ ಚೆನ್ನಾಗಿದ್ದವು. ಊಟ ಮಾತ್ರ ಮೂರೂವರೆಗೆ ಬಂತು. ಹೆಣ್ಣುಮಕ್ಕಳಿಗೆ ಇಡೀ ದಿನ ಟಾಯ್ಲೆಟ್ ವ್ಯವಸ್ಥೆ ಇರಲಿಲ್ಲ. ಇದನ್ನು ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ.

ಮುಂದಿನ ಜನವರಿಗೂ ಅದೇ ಗೈಡ್ ಬೇಕು ಅಂದಿದ್ದೇನೆ, ಮೂರು ದಿನಕ್ಕೆ. ಪ್ರಿಂಟ್ ಕೈಗೆ ಬಂದ ಮೇಲೇ ಅಡ್ವಾನ್ಸ್.