ನಮ್ಮೂರ ಸೇವಾ ಕೇಂದ್ರ: ಅರ್ಜಿ ಹಾಕೋಕೆ ಚಿನ್ನ, ವಿಚಾರಿಸೋಕೆ ಹೋಗಬೇಡಿ

ಪಂಚಾಯ್ತಿ ಪಕ್ಕದ ಮಳಿಗೆಯಲ್ಲಿರೋ ಈ ಕೇಂದ್ರ ಶುರುವಾದಾಗಿಂದ ನಮ್ಮ ಮನೆಯ ಎಲ್ಲ ಕಾಗದಪತ್ರವೂ ಅಲ್ಲೇ. ಅಪ್ಪನ ಸಂಧ್ಯಾ ಸುರಕ್ಷಾ ಪಿಂಚಣಿ, ತಂಗಿಯ ಜಾತಿ-ಆದಾಯ ಪ್ರಮಾಣಪತ್ರ, ಆಯುಷ್ಮಾನ್ ಕಾರ್ಡ್, ಅಮ್ಮನ ಗೃಹಲಕ್ಷ್ಮಿ. ಸೇವೆಗಳ ಪಟ್ಟಿ, ಶುಲ್ಕ ಎಲ್ಲ ಗೋಡೆ ಮೇಲೇ ಅಂಟಿಸಿದ್ದಾರೆ, ಇಲ್ಲಿ ಮತ್ತೆ ಬರೆಯಲ್ಲ.

ನನಗೆ ಇಷ್ಟವಾಗಿದ್ದು ಅಲ್ಲಿ ಕೂರೋ ಹುಡುಗಿಯ ಒಂದು ಅಭ್ಯಾಸ. ಸಬ್ಮಿಟ್ ಒತ್ತೋ ಮುಂಚೆ ಮಾನಿಟರ್ ನಮ್ಮ ಕಡೆ ತಿರುಗಿಸಿ, ಇಡೀ ಅರ್ಜಿ ಗಟ್ಟಿಯಾಗಿ ಓದಿ ಹೇಳ್ತಾಳೆ. ಹೆಸರು, ಇನಿಷಿಯಲ್, ಹುಟ್ಟಿದ ದಿನ, ಸರ್ವೆ ನಂಬರ್. "ಅಮ್ಮಾ, ಆಧಾರಲ್ಲಿ ಇನಿಷಿಯಲ್ ಇಲ್ಲ, ರೇಷನ್ ಕಾರ್ಡಲ್ಲಿ ಇದೆ. ಹಿಂಗೇ ಕಳ್ಸಿದ್ರೆ ವಾಪಸ್ ಬರುತ್ತೆ, ಮೊದಲು ಅದನ್ನ ಸರಿ ಮಾಡ್ಸಿ." ಅರ್ಜಿ ತಿರಸ್ಕಾರ ಆಗೋದು ಹೆಚ್ಚಾಗಿ ಇಂಥದ್ದಕ್ಕೇ. ಹಿಂದೆ ಪೇಟೆಯ ಸೈಬರ್ ಅಂಗಡಿಯಲ್ಲಿ ಹಾಕಿಸ್ತಿದ್ದಾಗ ಯಾರೂ ಓದಿ ಹೇಳಿದ್ದಿಲ್ಲ. ಸಾಲಲ್ಲಿ ನಿಂತವರಿಗೆಲ್ಲ ನಮ್ಮನೆ ವಾರ್ಷಿಕ ಆದಾಯ ಗೊತ್ತಾಗುತ್ತೆ ಅನ್ನೋದು ಬೇರೆ ಮಾತು.

ಅಮ್ಮನ ಬೆರಳಚ್ಚಿನ ಕಥೆಯನ್ನೂ ಹೇಳಲೇಬೇಕು. ಅಡಿಕೆ ಸುಲಿಯೋ ಹಂಗಾಮಿನಲ್ಲಿ ಅವಳ ಬೆರಳೆಲ್ಲ ಚೊಗರು ಹತ್ತಿ ಕಪ್ಪು, ಗೆರೆ ಸವೆದು ನುಣ್ಣಗಾಗಿರುತ್ತೆ. ಥಂಬ್ ಮಷಿನ್ ಕೆಂಪು ದೀಪ ಬಿಟ್ಟು ಬೇರೆ ತೋರಿಸಲ್ಲ. ಮೇಜಿನ ಡ್ರಾಯರಲ್ಲಿ ಕೊಬ್ಬರಿ ಎಣ್ಣೆ ಶೀಶೆ, ಹಳೇ ಬನಿಯನ್ ಬಟ್ಟೆ ಇಟ್ಟುಕೊಂಡಿದ್ದಾಳೆ ಆ ಹುಡುಗಿ. ಒಂದೊಂದೇ ಬೆರಳಿಗೆ ಎಣ್ಣೆ ತಿಕ್ಕಿ, ಒರೆಸಿ, ಒತ್ತಿ ಹಿಡೀತಾಳೆ. ಕೊನೆಗೆ ಎಡಗೈ ಉಂಗುರದ ಬೆರಳು ತಗೊಳ್ತು. ಈಗ ಅಮ್ಮ ಕೇಂದ್ರಕ್ಕೆ ಹೋದ ತಕ್ಷಣ ಆ ಬೆರಳನ್ನೇ ಮುಂದೆ ಮಾಡ್ತಾಳೆ.

ಇಲ್ಲೀವರೆಗಿನದಕ್ಕೆ ಐದಕ್ಕೆ ಐದು ಸ್ಟಾರ್. ಅರ್ಜಿ ಹಾಕಿದ ಮೇಲಿನದ್ದು ಬೇರೆ ಲೋಕ.

ಅಮ್ಮನ ಗೃಹಲಕ್ಷ್ಮಿ ಮಂಜೂರಾಯ್ತು, ಆದರೆ ತಿಂಗಳ 2000 ರೂಪಾಯಿ ಪಾಸ್‌ಬುಕ್‌ನಲ್ಲಿ ಬರಲೇ ಇಲ್ಲ. ಕೇಂದ್ರದಲ್ಲಿ ಕೇಳಿದರೆ "ಅಪ್ರೂವ್ ಅಂತಿದೆ ಅಣ್ಣ, ಅದಕ್ಕಿಂತ ಮುಂದಿನದು ನಮ್ಮ ಲಾಗಿನ್‌ನಲ್ಲಿ ಕಾಣಲ್ಲ." ಬ್ಯಾಂಕಲ್ಲಿ "ಸರ್ಕಾರ ಹಾಕಿಲ್ಲ." ಕಚೇರಿಯಲ್ಲಿ "ನಾವು ಹಾಕಿದೀವಿ, ಬ್ಯಾಂಕ್ ಕೇಳಿ." ನಾನು ವೈರಿಂಗ್ ಕೆಲಸದವನು, ತಾಲ್ಲೂಕಿಗೆ ಹೋದ ದಿನ ಕೂಲಿ ಇಲ್ಲ. ನಮ್ಮ ದಾರಿಯಲ್ಲಿ ಓಡೋದೆಲ್ಲ ಖಾಸಗಿ ಬಸ್ಸು, ಹಾಗಾಗಿ ಶಕ್ತಿ ಯೋಜನೆ ನಮಗೆ ಪೇಪರಲ್ಲಿ ಮಾತ್ರ. ಅಮ್ಮನ ಟಿಕೆಟ್ಟೂ ನನ್ನದೇ.

ಗುಟ್ಟು ರಟ್ಟಾಗಿದ್ದು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ. ಪುಕ್ಕಟೆ ಆ್ಯಪ್. ಆಧಾರ್ ನಂಬರ್ ಕೊಟ್ಟು, ಒಟಿಪಿ ಹಾಕಿ, ಪಿನ್ ಇಟ್ಟುಕೊಂಡರೆ ಯಾವ ಯೋಜನೆಯ ದುಡ್ಡು ಯಾವ ಬ್ಯಾಂಕಿಗೆ ಹೋಗಿದೆ ಅಂತ ತೋರಿಸುತ್ತೆ. ಹಣ ಹೋಗೋದು ನಾವು ಅರ್ಜಿ ಜೊತೆ ಕೊಟ್ಟ ಪಾಸ್‌ಬುಕ್‌ಗೆ ಅಲ್ಲ, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆ ಆಗಿದೆಯೋ ಅದಕ್ಕೆ. ಅಮ್ಮನದು ಯಾವುದೋ ಕಾಲದಲ್ಲಿ ಸ್ವಸಹಾಯ ಸಂಘದ ಸಾಲಕ್ಕೆ ಅಂತ ತೆಗೆಸಿದ ಖಾತೆ, ಅದು ಇದೆ ಅನ್ನೋದೇ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅಷ್ಟೂ ಕಂತು ಅಲ್ಲಿ ಬೆಚ್ಚಗೆ ಕೂತಿತ್ತು! ಈ ಒಂದು ಮಾತು ಗೋಡೆ ಮೇಲೆ ಬರೆದು ಅಂಟಿಸೋಕೆ ಏನು ಖರ್ಚು?

ಸಕಾಲ (ಇಂತಿಷ್ಟು ದಿನದೊಳಗೆ ಸರ್ಕಾರಿ ಸೇವೆ ಕೊಡಲೇಬೇಕು ಅನ್ನೋ ಕಾನೂನು) ರಸೀದಿಯನ್ನಂತೂ ಬಿಸಾಡಬೇಡಿ. ಅದರಲ್ಲಿರೋ, ಅರ್ಜಿಯ ಗುರುತಿಗೆ ಕೊಡೋ 15 ಅಕ್ಷರ-ಅಂಕಿಗಳ ಜಿಎಸ್‌ಸಿ ನಂಬರಿನಿಂದ ಅರ್ಜಿ ಯಾರ ಮೇಜಿನಲ್ಲಿದೆ ಅಂತ ತಿಳಿಯುತ್ತೆ, ಗಡುವು ಮೀರಿದರೆ ಮೇಲ್ಮನವಿಗೂ ಅದೇ ಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಅಂತ ಕಾನೂನಿದೆ. ತಗೊಂಡವರನ್ನು ನಾನಿನ್ನೂ ನೋಡಿಲ್ಲ.

ಚಿಕ್ಕಮ್ಮನ ಜೀವನಾಂಶದ ವಿಷಯಕ್ಕೂ ಮೊದಲು ಇಲ್ಲೇ ಕೇಳಿದ್ದೆವು. ಅದು ಅವರ ಪಟ್ಟಿಯಲ್ಲಿಲ್ಲ, ತಪ್ಪು ಹೇಳೋಕಾಗಲ್ಲ. ದಾರಿ ಸಿಕ್ಕಿದ್ದು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದ ಮೇಲೆ: ಕೋರ್ಟ್ ಆವರಣದಲ್ಲೇ ಇರೋ ತಾಲ್ಲೂಕು ಕಾನೂನು ಸೇವಾ ಸಮಿತಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಅದು ಗೊತ್ತಿಲ್ಲದೆ ಚಿಕ್ಕಮ್ಮ ಅಷ್ಟರಲ್ಲಾಗಲೇ ಬಳೆ ಅಡ ಇಟ್ಟಾಗಿತ್ತು.

ಮೂರೂವರೆ ಸ್ಟಾರ್ ಕೊಡ್ತೀನಿ, ಅದರಲ್ಲಿ ಮೂರು ಆ ಹುಡುಗಿಗೆ. ಹೋಗೋದಾದ್ರೆ ಆಧಾರಿಗೆ ಲಿಂಕ್ ಆಗಿರೋ ಫೋನ್ ಜೊತೆಗಿರಲಿ, ಅದು ಬೆಂಗಳೂರಲ್ಲಿರೋ ಮಗನ ನಂಬರಾದ್ರೆ ಅವನಿಗೆ ಮೊದಲೇ ಹೇಳಿಡಿ. ಸೋಮವಾರ ಬೇಡ, ಸಂತೆ ಜನ ಎಲ್ಲ ಅಲ್ಲೇ ಇರ್ತಾರೆ.