ದಾವಣಗೆರೆ ಪ್ಲಾಟ್‌ಫಾರ್ಮ್ ಚಿಕ್ಕದಾಗಿ ಕಟ್ಟೋಕೆ ಥರ್ಮಾಕೋಲಾ, ಎಂಡಿಎಫ್ಫಾ, ಸನ್‌ಬೋರ್ಡಾ?

ಮೂರರಲ್ಲೂ ಕಟ್ಟಿ ನೋಡಿದ್ದೇನೆ. ನಮ್ಮ ದಾವಣಗೆರೆ ಸ್ಟೇಷನ್ನಿನ ಒಂದು ಪ್ಲಾಟ್‌ಫಾರ್ಮನ್ನು ಮಾದರಿ ರೈಲಿನ ಎಚ್‌ಒ ಅಳತೆಯಲ್ಲಿ, ಅಂದರೆ ನಿಜವಾದದ್ದರ 87ನೇ ಒಂದು ಭಾಗದಷ್ಟು (1:87) ಮಾಡಬೇಕು ಅಂತ ಹೊರಟಿದ್ದು. ಐದು ಎಲ್‌ಎಚ್‌ಬಿ (ಈಗಿನ ಹೊಸ ಮಾದರಿಯ) ಬೋಗಿ ನಿಲ್ಲೋಕೆ ಉದ್ದವೇ ಸುಮಾರು 1.4 ಮೀಟರ್ ಬೇಕು.

ಉದ್ದ ಸ್ವಲ್ಪ ಕಡಿಮೆಯಾದರೆ ಯಾರಿಗೂ ಗೊತ್ತಾಗಲ್ಲ, ಎತ್ತರ ಮತ್ತು ಅಂಚು ತಪ್ಪಿದರೆ ಮಾತ್ರ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎತ್ತರದ ಪ್ಲಾಟ್‌ಫಾರ್ಮ್ ಹಳಿಯ ಮೇಲ್ಮಟ್ಟದಿಂದ 760ರಿಂದ 840 ಮಿ.ಮೀ. ಮೇಲಿರುತ್ತದೆ. ಜೋಡಿ ಹಳಿಗಳ ನಟ್ಟನಡುವಿನಿಂದ ಪ್ಲಾಟ್‌ಫಾರ್ಮ್ ಅಂಚಿಗೆ 1670ರಿಂದ 1680 ಮಿ.ಮೀ. ದೂರ. 87ರಿಂದ ಭಾಗಿಸಿ: ಎತ್ತರ 9, ದೂರ 19 ಚಿಲ್ಲರೆ. ಬೋಗಿಗೂ ಅಂಚಿಗೂ ಮಧ್ಯೆ ಒಂದು ಮಿ.ಮೀ. ಸಂದೂ ಉಳಿಯಲ್ಲ!

ಥರ್ಮಾಕೋಲ್ ಹಗುರ, ಟಿವಿ ಡಬ್ಬದಲ್ಲೇ ಸಿಗುತ್ತದೆ. ಆದರೆ ಕತ್ತರಿಸಿದರೆ ಕಾಳು ಕಾಳಾಗಿ ಉದುರಿ ಇಂಜಿನ್ನಿನ ಗಾಲಿಗೆ ಸೇರಿಕೊಳ್ಳುತ್ತದೆ. ಸ್ಪ್ರೇ ಪೇಂಟ್ ಹೊಡೆದೆ, ಮೇಲ್ಮೈ ಕರಗಿ ಗುಳಿ ಬಿತ್ತು. ಬೇಡ.

ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಅದರ ಮೇಲೆ ನನಗೆ ತುಂಬಾ ಆಸೆ ಇತ್ತು. ಗಟ್ಟಿ, ಬಡಗಿ ಅಂಗಡಿಯಲ್ಲಿ ನೇರವಾಗಿ ಕೊಯ್ದು ಕೊಟ್ಟರು. ಪಟ್ಟಿಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ, ಹಳಿ ಪಕ್ಕ ಜಲ್ಲಿ ಹರಡಿ, ಫೆವಿಕಾಲ್ ನೀರು ಹನಿಸಿದೆ. ಬೆಳಗ್ಗೆ ನೋಡಿದರೆ ಪಟ್ಟಿಯ ಬುಡ ನೀರು ಕುಡಿದು ಬಿಸ್ಕತ್ತಿನ ಹಾಗೆ ಊದಿತ್ತು. ಬೋಗಿ ತಳ್ಳಿದೆ, ಮೆಟ್ಟಿಲು ಕರ್ರ್ ಅಂತ ಉಜ್ಜಿತು. ಬಣ್ಣ ಹೋದ ಆ ಬೋಗಿ ನೋಡಿ ನಿಜಕ್ಕೂ ಬೇಜಾರಾಯಿತು. ಮೊದಲೇ ಎಲ್ಲ ಕಡೆ ಪ್ರೈಮರ್ ಬಳಿದಿದ್ದರೆ ಬಹುಶಃ ಉಳಿಯುತ್ತಿತ್ತು.

ಈಗ ಇರೋದು ಸನ್‌ಬೋರ್ಡ್, ಬೋರ್ಡ್ ಬರೆಯುವವರ ಅಂಗಡಿಯಲ್ಲಿ ಸಿಗುವ ಪಿವಿಸಿ ಹಾಳೆ. ನೀರಿಗೆ ಜಗ್ಗಲ್ಲ, ಕಟ್ಟರ್‌ನಲ್ಲೇ ಕತ್ತರಿಸಬಹುದು. ನನ್ನ ಹಳಿ ಅಡಿಯ ಕಾರ್ಕ್ ಸೇರಿ ಹಲಗೆಯಿಂದ 9 ಮಿ.ಮೀ. ಮೇಲಿದೆ, ಹಾಗಾಗಿ ಒಟ್ಟು 18 ಬೇಕು: 5ರ ಮೂರು ಪದರ, ಮೇಲೆ 3ರದ್ದು ಒಂದು. ಮೇಲಿನ ಪದರವನ್ನು ಕೂದಲೆಳೆಯಷ್ಟು ಮುಂದೆ ಚಾಚಿದೆ, ಅಂಚಿನ ಕಲ್ಲಿನ ನೆರಳು ಗೋಡೆ ಮೇಲೆ ಥೇಟ್ ಹಾಗೇ ಬೀಳುತ್ತದೆ. ಸೂಜಿಯಲ್ಲಿ ಗೀರಿದರೆ ಚಪ್ಪಡಿ ಗೆರೆಯೂ ಬರುತ್ತದೆ.

ಒಂದೇ ತೊಂದರೆ ಬಿಸಿಲು. ನನ್ನ ಲೇಔಟ್, ಅಂದರೆ ಹಳಿ ಜೋಡಿಸಿದ ಹಲಗೆ, ಇರೋದು ಮಹಡಿ ಮೇಲೆ, ಶೀಟ್ ಹೊದಿಸಿದ ಕೋಣೆಯಲ್ಲಿ. ಏಪ್ರಿಲ್‌ನಲ್ಲಿ ಹಾಳೆ ಹಿಗ್ಗಿ ಜೋಡಿಸಿದ ಕಡೆ ಉಬ್ಬಿತು. ಕಿತ್ತು ಒಂದು ಮಿ.ಮೀ. ಸಂದು ಬಿಟ್ಟು ಅಂಟಿಸಿದ ಮೇಲೆ ಸರಿಹೋಯಿತು.

ಯಾವುದರಲ್ಲೇ ಕಟ್ಟಿ, ಹಳಿ ತಿರುಗುವ ಕಡೆ ಈ 19ರ ಲೆಕ್ಕ ನಡೆಯಲ್ಲ; ಅಲ್ಲಿ ಬೋಗಿಯ ನಡು ಒಳಕ್ಕೆ, ತುದಿ ಹೊರಕ್ಕೆ ಚಾಚುತ್ತದೆ. ನಿಮ್ಮಲ್ಲಿರುವ ಎಲ್ಲಕ್ಕಿಂತ ಉದ್ದದ ಬೋಗಿಗೆ ಪೆನ್ಸಿಲ್ ಅಂಟಿಸಿ, ಒಮ್ಮೆ ನಡುವಿಗೆ, ಒಮ್ಮೆ ತುದಿಗೆ, ನಿಧಾನವಾಗಿ ತಳ್ಳಿ. ಆ ಗೆರೆ ಬಿಟ್ಟು ಅಂಚು ಕತ್ತರಿಸಿ.